ಬೆಟಗೇರಿಯ ಪುಂಡಲೀಕಪ್ಪನ ಸಾಣೆ

ಗದಗ ಸೀಮೆಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರು ಓಣಿಗೆ ನಾಲ್ವರಿದ್ದರು. ವಜ್ರಕ್ಕೆ ಸಾಣೆ ಹಿಡಿಯುವವನು ಮಾತ್ರ ಒಬ್ಬನೇ. ಅವನ ಹೆಸರು ಪುಂಡಲೀಕಪ್ಪ. ಬೆಟಗೇರಿಯಲ್ಲಿ ನೇಕಾರರ ಮಗ್ಗಗಳ ನಡುವೆ ಎರಡಂಕಣದ ಮನೆ. ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಹದಿನಾಲ್ಕು ವರ್ಷ ಹರಳಿನ ಕೆಲಸ ಕಲಿತು, ತಿರುಗಿ ಬರುವಾಗ ಊಟದ ಗಂಗಾಳದಷ್ಟು ಅಗಲದ ಒಂದು ಕಬ್ಬಿಣದ ಚಕ್ರ ಹೊತ್ತುಕೊಂಡು ಬಂದಿದ್ದ. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಸವರುತ್ತಿದ್ದ. ಬೇರೆ ಯಾವುದಕ್ಕೂ ವಜ್ರ ಸವೆಯುವುದಿಲ್ಲವಂತೆ. ಪಕ್ಕದಲ್ಲಿ ಆಳೆತ್ತರದ ಕಟ್ಟಿಗೆಯ ಗಾಲಿ. ಅವನ ಹೆಂಡತಿ ಮುತ್ತವ್ವ ಅದನ್ನು ತಿರುವಿದರೆ ಹಗ್ಗ ಎಳೆದು ಈ ಚಕ್ರ ಗುಂಯ್ ಎಂದು ತಿರುಗುತ್ತಿತ್ತು. ಮಕ್ಕಳಿಲ್ಲದ ಗಂಡ ಹೆಂಡತಿ ದಿನವೆಲ್ಲ ಮಾತಿಲ್ಲದೆ ಹಾಗೆ ಕುಳಿತಿರುತ್ತಿದ್ದರು. ಅವನು ಕಣ್ಣೆತ್ತಿದರೆ ಅವಳು ಗಾಲಿ ನಿಲ್ಲಿಸಬೇಕು, ಅಷ್ಟೇ ಸನ್ನೆ.

ಅವನ ಮನೆಯ ಕಟ್ಟಳೆಗಳು ಊರಿಗೆಲ್ಲ ಗೊತ್ತಿದ್ದವು. ಹರಳನ್ನು ಒಡವೆಯಿಂದ ಬಿಡಿಸಿದ ಕೂಡಲೇ ಮಾಲಕನ ಕಣ್ಣೆದುರು ಬರೀ ಹರಳನ್ನು ತೂಗಬೇಕು. ಸಾಣೆ ತಿರುಗುವಷ್ಟು ಹೊತ್ತೂ ಮಾಲಕನ ಕಡೆಯವರೊಬ್ಬರು ಎದುರಿಗೆ ಕುಳಿತಿರಬೇಕು. ಸಂಜೆಗೆ ಹರಳು ಅವರ ಜೊತೆಗೇ ಹೋಗಬೇಕು. ಯಾಕೆ ಅಂದರೆ, "ಉಗರ ಸಂದ್ಯಾಗ ಕುಂಡ್ರೂ ವಸ್ತು ಐತ್ರಿ ಇದು. ನನಗ ನಿದ್ದಿ ಬರಬೇಕಲ್ಲ" ಎನ್ನುತ್ತಿದ್ದ.

ಆ ಮೂರೂ ಕಟ್ಟಳೆಗಳನ್ನು ಮುರಿಸಿದವನು ನಾನು.

ನಮ್ಮದು ಬೆಳ್ಳಟ್ಟಿ. ಒಕ್ಕಲುತನದ ಮನೆ. ನಾನು ಹೇಮಪ್ಪ, ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಸ್ವಾತಂತ್ರ್ಯ ಬಂದ ಮರುವರ್ಷ ನನ್ನ ತಂಗಿ ಸುಮಿತ್ರವ್ವನನ್ನು ಮುಂಡರಗಿಗೆ ಕೊಡುವುದೆಂದು ನಿಶ್ಚಯವಾಯಿತು. ಆಗ ಮುಂಡರಗಿಯ ತುಂಬ ನಿಜಾಮನ ಸೀಮೆಯ ಗಲಾಟೆಯ ಸುದ್ದಿ, ನಿಜಾಮನ ವಿರುದ್ಧ ಬಂದೂಕು ಹಿಡಿದ ಹುಡುಗರು. ಬೀಗರು, "ಗಡಿಯೊಳಗ ಏನ ಆಗತೈತೋ ಗೊತ್ತಿಲ್ಲ, ಲಗ್ನ ಜಲ್ದಿ ಮುಗಿಸೂಣು" ಎಂದು ಇಪ್ಪತ್ತು ದಿನದ ಮುಹೂರ್ತ ಹಿಡಿದರು.

ನಮ್ಮವ್ವ ಸಾವಂತ್ರೆವ್ವನ ಮೂಗುಬೊಟ್ಟಿನ ವಜ್ರ ತಂಗಿಗೆ ಹೋಗಬೇಕಿತ್ತು. ಅದು ನನ್ನ ಅಪ್ಪನ ತಾಯಿಯಿಂದ ಬಂದದ್ದು. 'ಮೂರು ಗುಲಗಂಜಿ ವಜ್ರ' ಎಂದು ನಮ್ಮ ಮನೆಯಲ್ಲಿ ಅದನ್ನು ಹೆಸರು ಹಿಡಿದು ಕರೆದ ಹಾಗೆ ಕರೆಯುತ್ತಿದ್ದರು. ಆದರೆ ಅದು ಹಳೆಯ ಕಾಲದ ಚಪ್ಪಟೆ ಹರಳು. ನಿಶ್ಚಯದ ದಿನ ವರನ ಸೋದರತ್ತೆ ಅದನ್ನು ಬೆಳಕಿಗೆ ಹಿಡಿದು, "ಇದೇನ್ರಿ ಬೀಗತಿ, ಕನ್ನಡಿ ಚೂರನ್ನ ಮೂಗಿನಾಗ ಇಟಗೊಂಡೀರಲ್ಲ!" ಎಂದಳು. ಪಡಸಾಲೆಯೆಲ್ಲ ನಕ್ಕಿತು. ಅವ್ವನೂ ನಕ್ಕಳು. ನಾನೊಬ್ಬ ಎದ್ದು ಹೊರಗೆ ಹೋದೆ, ಮಾರನೆಯ ದಿನವೇ ಹತ್ತಿ ಗಾಡಿಯ ಜೊತೆ ಹರಳನ್ನೂ ಕಟ್ಟಿಕೊಂಡು ಗದಗಿಗೆ ಬಂದೆ.

ಪುಂಡಲೀಕಪ್ಪ ಮೂಗುಬೊಟ್ಟಿನ ಬಂಗಾರದ ಕಟ್ಟಿನಿಂದ ಹರಳನ್ನು ಬಿಡಿಸಿದ. ಅದರ ತಳಕ್ಕೆ ಅರಗು, ಕರ್ರಗಾದ ಬೆಳ್ಳಿಯ ತಗಡು ಅಂಟಿಕೊಂಡಿದ್ದವು. ಅವನ್ನೆಲ್ಲ ಕೆರೆದು ಒರೆಸಿ, ಶಾಯಿಯಲ್ಲಿ ಗೆರೆ ಎಳೆದ ಒಂದು ಕಾಗದದ ಮೇಲೆ ಹರಳನ್ನಿಟ್ಟ.

"ಗೆರಿ ಕಾಣ್ತೈತೇನ್ರಿ?"

"ಕಾಣ್ತೈತಿ."

"ಅಂದ್ರ ಮ್ಯಾಲ ಬಿದ್ದ ಬೆಳಕು ತಳದಾಗ ಸೋರಿ ಹೊಂಟೈತಿ ಅಂತ. ಇಷ್ಟ ದಿನ ಮಿಂಚಿದ್ದು ಹರಳಲ್ರಿ, ಕೆಳಗಿನ ತಗಡು. ಹಳೇ ಮಂದಿ ತೂಕ ಉಳಿಸ್ಯಾರ, ಬೆಳಕು ಬಿಟ್ಟಾರ. ತಳಕ್ಕ ಓರೆ ಹಿಡದು ಮುಖಾ ಮಾಡಿದ್ರ, ಒಳಗ ಹೋದ ಬೆಳಕು ಗ್ವಾಡಿಗಿ ಬಡದ ಚಂಡಿನಂಗ ಹೊಳ್ಳಿ ಮ್ಯಾಲ ಬರತೈತಿ. ಮ್ಯಾಲ ಮೂವತ್ತಮೂರು, ಕೆಳಗ ಇಪ್ಪತ್ತೈದು, ಹಿಂಗ ಐವತ್ತೆಂಟು ಮುಖಾ. ಆದ್ರ ಮೂರರಾಗ ಒಂದ ಪಾಲು ಪುಡಿಯಾಗಿ ಹೋಗತೈತಿ. ಮನ್ಯಾಗ ಕೇಳಿ ಬಂದೀರೇನ?"

"ಹೋದ್ರ ಹೋಗ್ಲಿ ಬಿಡು. ಆ ಮುಂಡರಗಿ ಮುದುಕಿ ಕಣ್ಣ ಕುಕ್ಕಬೇಕು, ಅಷ್ಟ."

ಅವನು ನಕ್ಕ. "ಹಂಗಾರ ಒಂದ ತಾಸು ಕುಂಡ್ರಿ. ತಕ್ಕಡಿ ಯಂಕಪ್ಪ ಪತ್ತಾರನ ಅಂಗಡ್ಯಾಗ ಐತಿ, ಮುತ್ತವ್ವ ತರ್ತಾಳ. ತೂಗಿ ಸುರು ಮಾಡೂಣು."

ನನ್ನ ಎತ್ತುಗಳು ಹತ್ತಿ ಪೇಟೆಯಲ್ಲಿ ಬಿಸಿಲಿಗೆ ನಿಂತಿದ್ದವು. "ತೂಗೂದ ಬ್ಯಾಡ. ನಮ್ಮಜ್ಜಿ ತೂಗಿಸಿಟ್ಟ ಹರಳದು, ಮೂರು ಗುಲಗಂಜಿ. ಬೆಳ್ಳಟ್ಟ್ಯಾಗ ಯಾರನ್ನ ಬೇಕಾದ್ರ ಕೇಳು" ಎಂದೆ.

ಅವನು ಹರಳನ್ನು ಅಂಗೈಯಲ್ಲಿ ಎರಡು ಸಲ ಹಾರಿಸಿ ನೋಡಿದ. "ಒಂಚೂರು ಹಗರ ಅನಸ್ತೈತಲ್ರಿ."

"ಏನಂದಿ? ನಮ್ಮಜ್ಜಿ ಸುಳ್ಳ ಹೇಳ್ಯಾಳೇನ?"

ನನ್ನ ದನಿಗೆ ಪಕ್ಕದ ಮನೆಯ ಮಗ್ಗ ನಿಂತಿತು. ಪುಂಡಲೀಕಪ್ಪ ತಲೆ ತಗ್ಗಿಸಿದ. "ಹಂಗಲ್ರಿ. ಆತು ಬಿಡ್ರಿ."

ಆ ದಿನ ಕುಳಿತೆ. ಚಕ್ರದ ಸದ್ದಿಗೆ ತಲೆ ಚಿಟ್ಟು ಹಿಡಿಯಿತು. ಸಂಜೆಯ ತನಕ ಆದದ್ದು ಐದು ಮುಖ, ಎಲ್ಲ ಮುಗಿಯಲು ಹನ್ನೆರಡು ದಿನವಂತೆ. ಮರುದಿನ ಬೆಳಿಗ್ಗೆ, ನಾನು ಊರಿಗೆ ಹೋಗುತ್ತೇನೆ, ನೀನೇ ಮಾಡಿಡು ಎಂದೆ.

"ನೀವ ಎದರಿಗಿ ಇಲ್ದ ಸಾಣಿ ತಿರಗಂಗಿಲ್ರಿ."

"ಚಪ್ಪರ ನಿನ್ನಪ್ಪ ಹಾಕ್ತಾನೇನ? ನೀ ಕಲ್ಲ ತೀಡಾಂವ, ನಿನ್ನ ಮಾರಿ ನೋಡಕೋತ ಹನ್ನೆರಡ ದಿನ ಕುಂಡ್ರಾಕ ನನಗೇನ ಬ್ಯಾರೆ ಬದುಕಿಲ್ಲ?"

ಅವನು ಹರಳನ್ನು ನನ್ನ ಮುಂದೆ ಇಟ್ಟುಬಿಟ್ಟ. ಒಯ್ಯಿರಿ ಎಂಬಂತೆ. ಮುತ್ತವ್ವನೇ ಗಾಲಿ ಬಿಟ್ಟು ಎದ್ದು ಬಂದಳು. "ಮದಿವಿ ಮನಿ ಐತಿ, ಹೆಣ್ಣುಡಗಿ ಕೆಲಸ. ಒಂದ ಸಲ ಮಾಡಿಕೊಡ್ರಿ" ಎಂದು ಗಂಡನಿಗೆ ಹೇಳಿದಳು. ಅವಳ ಮಾತಿಗೆ ಅವನು ಒಪ್ಪಿದ.

ಹನ್ನೆರಡನೆಯ ದಿನ ಹೋದಾಗ ಅವನ ಮುಖ ಬೇರೆಯೇ ಇತ್ತು. ಅದೇ ಕಾಗದದ ಮೇಲೆ ಹರಳನ್ನಿಟ್ಟ. ಎಷ್ಟು ಬಗ್ಗಿ ನೋಡಿದರೂ ಕೆಳಗಿನ ಗೆರೆ ಕಾಣಲಿಲ್ಲ. ಕಿಟಕಿಯ ಬಿಸಿಲಿಗೆ ಹಿಡಿದು ಒಂದಿಷ್ಟೇ ತಿರುಗಿಸಿದ. ಮಸಿ ಹಿಡಿದ ಗೋಡೆಯ ಮೇಲೆ ಕೆಂಪು, ಹಳದಿ, ನೀಲಿ ಚುಕ್ಕೆಗಳು ಓಡಾಡಿದವು. "ನಾ ಮಾಡಿದ್ದರಾಗ ಇದು ಛಲೋ ಆತ್ರಿ" ಎಂದ. ಅಷ್ಟು ಹೇಳುವುದಕ್ಕೂ ನಾಚಿಕೊಂಡ. ನಾನು ಖುಷಿಯಾಗಿ ಮುತ್ತವ್ವನಿಗೆ ಲಗ್ನಕ್ಕೆ ಬರ್ರಿ ಎಂದು ಹೇಳಿ, ಬಂಗಾರದಲ್ಲಿ ಕೂರಿಸಲು ಹರಳನ್ನು ಯಂಕಪ್ಪ ಪತ್ತಾರನ ಅಂಗಡಿಗೆ ಒಯ್ದೆ.

ಯಂಕಪ್ಪ ಮೊದಲು ತೂಗಿದ. "ಒಂದೂವರಿ ಗುಲಗಂಜಿ" ಎಂದ.

ಮೂರರಲ್ಲಿ ಒಂದು ಪಾಲು ಹೋದರೆ ಎರಡು ಉಳಿಯಬೇಕು. ನನಗೆ ಬರುವ ಲೆಕ್ಕ ಅಷ್ಟು, ಅದು ಸರಿಯಾಗಿಯೇ ಬಂತು. ಅರ್ಧ ಗುಲಗಂಜಿ ಎಲ್ಲಿ?

ಅಲ್ಲಿಂದ ಬೆಟಗೇರಿಗೆ ಹೇಗೆ ಹೋದೆನೋ ಗೊತ್ತಿಲ್ಲ. ಉಣ್ಣಲು ಕುಳಿತಿದ್ದವನ ರಟ್ಟೆ ಹಿಡಿದು ಎಬ್ಬಿಸಿದೆ. ಎಂಜಲು ಕೈಯಲ್ಲೇ ಅವನನ್ನು ಯಂಕಪ್ಪನ ಅಂಗಡಿಯಿದ್ದ ಗದಗಿನ ಸರಾಫರ ಸಾಲಿನ ತನಕ ಎಳೆದುಕೊಂಡು ಬಂದೆ. ಸಂತೆಯ ದಿನ. ಮಂದಿ ಕೂಡಿತು.

"ಅರ್ಧ ಗುಲಗಂಜಿ ಎಲ್ಲಿ ಇಟ್ಟೀಲೇ ಕಳ್ಳಾ?"

"ಬರೇ ಹರಳ ತೂಗೂಣು ಅಂದಿದ್ನಲ್ರಿ, ಹಗರ ಐತಿ ಅಂದಿದ್ನಲ್ರಿ..."

"ತಿರಗಿ ನಮ್ಮಜ್ಜಿ ಹೆಸರಿಗೆ ಬರತೀಯೇನ!"

ಅವನ ತಲೆಯ ರುಮಾಲು ಕಿತ್ತು ಝಾಡಿಸಿದೆ. ಧೋತರದ ಗಂಟು ಬಿಚ್ಚಿಸಿದೆ. ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದೆ, ದನದ ಪೇಟೆಯಲ್ಲಿ ಹಲ್ಲು ನೋಡುವ ಹಾಗೆ. ಹಲ್ಲಿನ ಸಂದಿಯಲ್ಲಿ ಇನ್ನೂ ರೊಟ್ಟಿಯ ಚೂರಿತ್ತು. ಯಾರೋ ಹಿಂದಿನಿಂದ, "ಹೇಣ್ತಿ ತುರುಬಿನಾಗ ನೋಡ್ರೆಪಾ" ಎಂದರು. ನಗೆ ಎದ್ದಿತು. ಮುತ್ತವ್ವ ನಮ್ಮ ಬೆನ್ನಿಗೇ ಓಡಿ ಬಂದು ನಿಂತಿದ್ದಳು. ಅವಳು ಮಂದಿಯ ನಡುವೆ ಬಂದು, ತಲೆಯ ಸೆರಗು ತೆಗೆದು, ತುರುಬು ಬಿಚ್ಚಿ, ಅರ್ಧ ನರೆತ ಕೂದಲನ್ನು ಮುಂದಕ್ಕೆ ಹಾಕಿಕೊಂಡು ಎರಡೂ ಕೈಯಿಂದ ಝಾಡಿಸಿದಳು.

"ಸಮಾಧಾನ ಆತೇನ್ರಿ, ಬೆಳ್ಳಟ್ಟಿ ಹೇಮಪ್ಪನವರ?"

ನಗುತ್ತಿದ್ದವರು ನಗೆ ನಿಲ್ಲಿಸಿದರು. ಆಗಲಾದರೂ ನಾನು ಬಾಯಿ ಮುಚ್ಚಬಹುದಿತ್ತು. "ನುಂಗಿರಬೇಕು" ಎಂದೆ.

ಲಗ್ನವಾಯಿತು. ತಂಗಿ ಮೂಗಿನಲ್ಲಿ ಆ ಹರಳಿಟ್ಟುಕೊಂಡು ತಿರುಗಿದಲ್ಲೆಲ್ಲ ಬೆಳಕು ಕಿಡಿಯಾಗುತ್ತಿತ್ತು. ವರನ ಸೋದರತ್ತೆ ಅದನ್ನು ಮೂರು ಸಲ ನೋಡಿದಳು. ಮಾಡಿದವರು ಯಾರು ಎಂದು ಕೇಳಿದವರಿಗೆ ನಾನು ಹರಳಿನ ಕತೆ ಬಿಟ್ಟು ಕಳ್ಳನ ಕತೆ ಹೇಳುತ್ತಿದ್ದೆ. ರುಮಾಲು ಝಾಡಿಸಿದ್ದನ್ನು ನಟಿಸಿ ತೋರಿಸುತ್ತಿದ್ದೆ. ಏಳೆಂಟು ವರ್ಷ ಹೇಳಿದೆ. ತುರುಬಿನ ಸಂಗತಿ ಮಾತ್ರ ಹೇಳುತ್ತಿರಲಿಲ್ಲ. ಅಂದಮೇಲೆ ಒಳಗೆ ಎಲ್ಲೋ ಗೊತ್ತಿತ್ತು ಅಂತಲೇ ಆಯಿತು.

ಐವತ್ತಾರರ ಬೇಸಿಗೆಯಲ್ಲಿ ಲಕ್ಷ್ಮೇಶ್ವರಕ್ಕೆ, ಅಪ್ಪನ ತಂಗಿ ಹನಮಂತವ್ವನ ಮನೆಗೆ ಹೋಗಿದ್ದೆ. ಅಜ್ಜಿಯ ಬಳಿ ಒಂದೇ ಅಳತೆಯ ಎರಡು ಹರಳಿದ್ದವು. ಒಂದು ನಮ್ಮವ್ವನಿಗೆ, ಇನ್ನೊಂದು ಮಗಳಾದ ಈ ಅತ್ತೆಗೆ. ಅತ್ತೆಯ ಮೂಗುಬೊಟ್ಟು ಸಡಿಲಾಗಿ ಹರಳು ಬಿಚ್ಚಿಕೊಂಡಿತ್ತು. ಮನೆಗೆ ಬಂದ ಪತ್ತಾರ ಅರಗು, ತಗಡು ಕೆರೆದು ತೆಗೆದು ಬರೀ ಹರಳನ್ನು ತೂಗಿದ.

"ಎರಡೂಕಾಲು ಗುಲಗಂಜಿ ನೋಡವ್ವಾ."

"ಮೂರು ಅಲ್ಲೇನೋ?" ಎಂದೆ ನಾನು.

ಅತ್ತೆ ನಕ್ಕಳು. "ಮೂರು ಎಲ್ಲಿಂದ ಬರಬೇಕೋ ಹುಚ್ಚಾ? ನಮ್ಮವ್ವ ಅರಗು ತಗಡು ಎಲ್ಲಾ ಕೂಡಿಸಿ ತೂಗಿಸಿದ್ಲು. ಎರಡೂಕಾಲು ಅನ್ನಾಕ ಆಕಿಗಿ ನಾಚಿಕಿ. ಮೂರು ಅಂದ್ರ ಬೀಗರ ಮುಂದ ತೂಕ ಅಂತ ಹೇಳಿಕೋತ ತಿರಗಿದ್ಲು. ನಿಮ್ಮವ್ವಗ ಹೇಳಿರಲಿಲ್ಲೇನ?"

ಎರಡೂಕಾಲರಲ್ಲಿ ಮೂರನೆಯ ಪಾಲು ಹೋದರೆ ಒಂದೂವರೆ. ಪುಂಡಲೀಕಪ್ಪ ಹೇಳಿದ ಲೆಕ್ಕಕ್ಕೆ ಒಂದು ಕಣವೂ ಹೆಚ್ಚು ಹೋಗಿರಲಿಲ್ಲ.

ಮರುದಿನವೇ ಬೆಟಗೇರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಬಿತ್ತಿಗೆ, ಎಡೆ ಹೊಡೆಯುವುದು, ಕಳೆ ಎಂದು ನೆವ ಹೇಳಿಕೊಂಡೆ. ಆರು ತಿಂಗಳು ಹಾಗೇ ಕಳೆದೆ. ಮಂದಿಯ ಮುಂದೆ ಹಾರಾಡುವ ಕಾಲು, ತಪ್ಪಾಯಿತು ಎಂದು ಹೇಳಲು ಹೊರಟರೆ ಊರ ಅಗಸಿಬಾಗಿಲು ದಾಟುತ್ತಿರಲಿಲ್ಲ. ಕಡೆಗೆ ನವೆಂಬರ್ ಒಂದನೇ ತಾರೀಖು, ಕನ್ನಡ ಸೀಮೆಗಳೆಲ್ಲ ಒಂದಾದ ದಿನ, ಊರ ಮಂದಿ ಗದಗಿಗೆ ಹೊರಟ ಗಾಡಿಗಳಲ್ಲಿ ನಾನೂ ಹತ್ತಿದೆ.

ಬೆಟಗೇರಿಯ ಆ ಮನೆಯಲ್ಲಿ ಬೇರೆಯವರಿದ್ದರು. ಕೇಳಿದರೆ, "ಹರಳಿನ ಪುಂಡಲೀಕಪ್ಪ? ಅಂವಗ ಹರಳ ಕೊಡಾವರ ಯಾರ? ಸ್ಟೇಶನ್ ರಸ್ತೆದಾಗ ಚೂರಿ ಕತ್ರಿ ಮಸೀತಾನ" ಎಂದರು.

ಬೇವಿನ ಗಿಡದ ಕೆಳಗೆ ಅವನು ಕಾಲಿನಿಂದ ತುಳಿಯುವ ಒಂದು ಕಲ್ಲಿನ ಸಾಣೆ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಮುತ್ತವ್ವ, ಸೆರಗನ್ನು ಕಿವಿಯ ಹಿಂದಕ್ಕೆ ಬಿಗಿಯಾಗಿ ಸಿಗಿಸಿಕೊಂಡು, ಮಸೆದ ಕತ್ತರಿಗಳನ್ನು ಒರೆಸುತ್ತಿದ್ದಳು. ಇಬ್ಬರೂ ನನ್ನನ್ನು ಗುರುತಿಸಿದರು. ನಾನು ಕುಕ್ಕರಗಾಲಿನಲ್ಲಿ ಅವನ ಹತ್ತಿರ ಕುಳಿತೆ.

"ತಪ್ಪಾತ್ರಿ ಪುಂಡಲೀಕಪ್ಪನವರ. ಹರಳ ಎರಡೂಕಾಲ ಇತ್ತು. ಮೊನ್ನೆ ಗೊತ್ತಾತು."

ಆರು ತಿಂಗಳನ್ನು ಮೊನ್ನೆ ಎಂದೆ. ಆಗಲೂ ಖರೆ ಹೇಳಲಿಲ್ಲ.

ಅವನು ಕಾಲು ನಿಲ್ಲಿಸಲಿಲ್ಲ. "ಅವತ್ತ ನಿಮ್ಮ ದನಿ ಎಷ್ಟ ದೊಡ್ಡದಿತ್ರಿ! ಇವತ್ತ ಯಾಕ ಕಿವ್ಯಾಗ ಹೇಳ್ತೀರಿ?"

ಎದ್ದು ಸರಾಫರ ಸಾಲಿಗೆ ಹೋದೆ. ಅಂದು ನಿಂತಿದ್ದ ಜಾಗದಲ್ಲೇ ನಿಂತು ಕೂಗಿದೆ. "ಪುಂಡಲೀಕಪ್ಪ ಕಳ್ಳ ಅಲ್ಲ! ಬೆಳ್ಳಟ್ಟಿ ಹೇಮಪ್ಪ ಹೇಳ್ತೀನಿ ಕೇಳ್ರಿ, ಅಂವ ಕಳ್ಳ ಅಲ್ಲ!" ಅದೇ ಹೊತ್ತಿಗೆ ಮೆರವಣಿಗೆ ತಿರುವಿಗೆ ಬಂತು. ಹಲಗೆಯ ಬಡಿತ, ಜಯಕಾರ, ಬಾವುಟ. ನನ್ನ ಕೂಗನ್ನೂ ಜಯಕಾರವೆಂದೇ ತಿಳಿದು ಒಬ್ಬ ನನ್ನ ಹೆಗಲಿಗೆ ಕೈಹಾಕಿದ. ಇನ್ನೊಬ್ಬ ನನ್ನ ಅಂಗೈಗೆ ಸಕ್ಕರೆ ಸುರಿದ. ಸಕ್ಕರೆ ಹಿಡಿದುಕೊಂಡು ನಾನು ಯಂಕಪ್ಪನ ಅಂಗಡಿ ಹತ್ತಿ, ಅವನ ಎದುರಿಗೆ ನಿಂತು ಎಲ್ಲ ಹೇಳಿದೆ.

ಯಂಕಪ್ಪ ತಕ್ಕಡಿಯನ್ನು ನೋಡುತ್ತಾ ಕುಳಿತಿದ್ದ. "ಅವತ್ತ ನನಗ ಹಂಗ ಅನಿಸಿತ್ತು. ಹಳೇ ಮಂದಿ ಅರಗ ಕೂಡಿಸೇ ತೂಗತಿದ್ರು. ನಿನ್ನ ಸಿಟ್ಟ ನೋಡಿ ಬಾಯಿ ಬಿಡಲಿಲ್ಲ" ಎಂದ.

ಬಯ್ಯಬೇಕೆಂದು ಬಾಯಿ ತೆರೆದೆ. ಯಾರನ್ನು ಬಯ್ಯಲಿ? ಅವನ ಬಾಯನ್ನೂ ಮುಚ್ಚಿಸಿದವನು ನಾನೇ.

ಯಂಕಪ್ಪನೂ ಅಂಗಡಿಯಲ್ಲಿದ್ದ ಒಂದು ಹಳೆಯ ಹರಳು ತೆಗೆದುಕೊಂಡು ನನ್ನ ಜೊತೆ ಬಂದ. ಬೇವಿನ ಗಿಡದ ಕೆಳಗೆ, ರಸ್ತೆಯ ಮಂದಿಗೆಲ್ಲ ಕೇಳುವ ಹಾಗೆ ನಾನು ಇನ್ನೊಮ್ಮೆ ಹೇಳಿದೆ. ಯಂಕಪ್ಪ ಹರಳು ಚಾಚಿದ. "ಇದಕ್ಕ ಮುಖಾ ಮಾಡಿಕೊಡಪಾ ಪುಂಡಲೀಕಪ್ಪ."

ಪುಂಡಲೀಕಪ್ಪ ಹರಳನ್ನು ಎರಡು ಬೆರಳಿನಲ್ಲಿ ಹಿಡಿದು ಆಕಾಶಕ್ಕೆ ಎತ್ತಿ ಬಹಳ ಹೊತ್ತು ನೋಡಿದ. ಬೆರಳ ತುದಿಗಳು ಸೀಳಿ ಒರಟಾಗಿದ್ದವು. ಎಂಟು ವರ್ಷ ಕುಡಗೋಲು ಮಸೆದ ಕೈ. "ಚಕ್ರ ಹುಬ್ಬಳ್ಳಿಗಿ ಗುಜರಿಗಿ ಹೋತು" ಎಂದು ಹರಳನ್ನು ಯಂಕಪ್ಪನ ಅಂಗೈಯಲ್ಲೇ ಇಟ್ಟ.

ಮುತ್ತವ್ವ ನನ್ನ ಕಡೆ ನೋಡದೆ ಹೇಳಿದಳು. "ಹರಳ ಬ್ಯಾಡ್ರಿ. ಮಸಿಯೂದೇನರ ಇದ್ರ ತರ್ರಿ."

ಮುಂದಿನ ವಾರ ಬೆಳ್ಳಟ್ಟಿಯ ನಮ್ಮ ಓಣಿಯ ಕುಡಗೋಲು, ಕೊಡಲಿ, ಈಳಿಗೆ ಎಲ್ಲ ಗಾಡಿಗೆ ಹೇರಿಕೊಂಡು ಹೋದೆ. ಅವನು ಒಂದೊಂದನ್ನೂ ಮಸೆದು, ಉಗುರಿನ ಮೇಲೆ ಅಲಗು ನೋಡಿ, ಮುತ್ತವ್ವನ ಕೈಗೆ ಕೊಟ್ಟ. ಬೇರೆಯವರಿಗೆ ಎಷ್ಟೋ ನನಗೂ ಅಷ್ಟೇ ಕೂಲಿ ಹೇಳಿದ. ಹೆಚ್ಚಿಗೆ ಕೊಟ್ಟದ್ದನ್ನು ತಿರುಗಿ ಕೊಟ್ಟ. ನಮ್ಮ ಮನೆಯ ಸುದ್ದಿ ಕೇಳಲಿಲ್ಲ, ತಂಗಿಯ ಸುದ್ದಿ ಕೇಳಲಿಲ್ಲ. ಅವನು ಸಾಯುವ ತನಕ, ಐದು ವರ್ಷ, ಹಂಗಾಮಿಗೊಮ್ಮೆ ಹಾಗೆ ಗಾಡಿ ಹೇರಿಕೊಂಡು ಹೋಗಿಬಂದೆ. ಕುಂಡ್ರಿ ಎಂದು ಒಂದು ದಿನವೂ ಅನ್ನಲಿಲ್ಲ. ನಾನು ನಿಂತೇ ಇರುತ್ತಿದ್ದೆ.