ನಾನು ನುಂಗಿದ ಹೆಸರು

ನಾನೊಮ್ಮೆ ನನ್ನ ಹೆಸರನ್ನೇ ತಿಂದಿದ್ದೇನೆ. ಮಾತಿನ ಚಮತ್ಕಾರ ಅಲ್ಲ ಸ್ವಾಮೀ. ಕಾಗದದ ಮೇಲೆ ಮಸಿಯಲ್ಲಿ ಬರೆದ ಹೆಸರು. ಹರಿದು, ಉಂಡೆ ಮಾಡಿ, ಬಾಯಿಗೆ ಹಾಕಿಕೊಂಡು ನುಂಗಿದ್ದೇನೆ. (ರುಚಿ ಕೇಳುತ್ತೀರಾ? ಕಹಿ.)

ಇದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ. ಇವತ್ತು ನಿಮ್ಮೆದುರು ಹೇಳುವುದಕ್ಕೆ ಹೋದ ವಾರ ಯಲಬುರ್ಗಾದಲ್ಲಿ ನಡೆದ ಒಂದು ಮೀಟಿಂಗು ಕಾರಣ. ಅಲ್ಲಿಯ ವಾಚನಾಲಯಕ್ಕೆ ಈ ಸಲ ಅನುದಾನ ಇಲ್ಲವಂತೆ. ನಿಜಾಮರ ಆಳ್ವಿಕೆ ಹೋಯಿತು, ಹೊಸ ಸರ್ಕಾರ ಬಂತು. ಖರ್ಚು ಕಡಿಮೆ ಮಾಡಬೇಕೆಂದಾಗ ಮೊದಲು ಕಣ್ಣಿಗೆ ಬೀಳುವುದು ಮಾತ್ರ ಅದೇ ಓದುವ ಕೋಣೆ! ಮುಂದೇನು ಎಂದು ಜನ ಸೇರಿದ್ದರು. ಹಿಂದೆ ಆ ಊರಲ್ಲಿ ಸಾಲಿ ಮಾಸ್ತರನಾಗಿದ್ದವನು ಅಂತ ನನ್ನನ್ನೂ ಕರೆದಿದ್ದರು. ಹಿರಿಯರೊಬ್ಬರು ಎದ್ದು ನಿಂತು, "ಲಡಾಯಿ ಟೈಮಿನ್ಯಾಗೂ ಹಿಂಗ ಮದತ್ತು ನಿಂತಿತ್ತು. ಆಗ ನಮ್ಮ ಮಾಸ್ತರು ಯಾರಿಗೂ ಅಂಜದ ಇದನ್ನ ನಡಿಸಿದ್ರು" ಎಂದರು.

ಚಪ್ಪಾಳೆ ಬಿತ್ತು. ನಾನು ನನ್ನ ಚಪ್ಪಲಿ ನೋಡುತ್ತ ಕುಳಿತೆ.

ಯಾರಿಗೂ ಅಂಜದೆ! ನಡೆದದ್ದು ಹೇಳುತ್ತೇನೆ, ಕೇಳಿ.

ಎರಡನೇ ಮಹಾಯುದ್ಧದ ಲಡಾಯಿ ಶುರುವಾದ ಮೇಲೆ ಒಂದು ದಿನ ಕಚೇರಿಯಿಂದ ಉರ್ದುವಿನಲ್ಲಿ ಬರೆದ ಚೀಟಿ ಬಂತು. ವಾಚನಾಲಯದ ಮದತ್ತು ಬಂದ್. ಬಾಡಿಗೆ ಕೋಣೆ ಬಿಡಬೇಕಾಯಿತು. ಎರಡು ಕಪಾಟು ಪುಸ್ತಕ, ನಿಜಾಮರ ಗಡಿಯಾಚೆ ಹುಬ್ಬಳ್ಳಿಯಿಂದ ಬರುವ ಒಂದು ಪೇಪರು. ಎಲ್ಲಿಡುವುದು?

"ನಮ್ಮ ಅಂಗಡ್ಯಾಗ ಇಡ್ರಿ ಮಾಸ್ತರ" ಎಂದರು ದರ್ಜಿ ಹುಸೇನಸಾಬರು. ಅವರಿಗೆ ಕನ್ನಡ ಅಕ್ಷರ ಅಳತೆ ಬರೆದುಕೊಳ್ಳುವಷ್ಟು ಮಾತ್ರ ಬರುತ್ತಿತ್ತು. ಆದರೆ ಪೇಪರು ಕೇಳುವ ಹುಚ್ಚು. ಹೊಲಿಗೆ ಮಶೀನಿನ ಪಕ್ಕ ಕಪಾಟು ನಿಂತವು. ಹೊಲಿದ ಅಂಗಿ ನೇತುಹಾಕುವ ಹಗ್ಗದ ಮೇಲೆ ಪೇಪರಿನ ಹಾಳೆಗಳೂ ನೇತಾಡಿದವು. ಗಾಣದವರು ದೀಪಕ್ಕೆ ಎಣ್ಣೆ ಕೊಟ್ಟರು. ಬಡಿಗೇರ ಮನೆಯಿಂದ ಒಂದು ಬೆಂಚು ಬಂತು. ತಳಕಲ್ಲಿನಿಂದ ಬರುವ ಚಕ್ಕಡಿಯವರು ಪೇಪರಿನ ಕಟ್ಟು ತಂದು ಕೊಡುತ್ತಿದ್ದರು. ಸರ್ಕಾರ ನಡೆಸುತ್ತಿದ್ದಾಗ ದಿನಕ್ಕೆ ನಾಲ್ಕು ಜನ ಬರುತ್ತಿದ್ದರೆ, ಈಗ ಅಂಗಡಿ ಹಿಡಿಸದಷ್ಟು!

ಎದುರಿಗೇ ಮಿರ್ಚಿ ಭಜಿ ಮಾರುತ್ತಿದ್ದ ಕಾಶವ್ವ ದಿನಾ ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಅವಳ ಮಗ ಪಲ್ಟಣಿನಲ್ಲಿದ್ದ, ಬರ್ಮಾದ ಕಡೆ. ಕಾಗದ ನಿಂತು ತಿಂಗಳುಗಳಾಗಿದ್ದವು. ಲಡಾಯಿ ಸುದ್ದಿ ಪೂರಾ ಓದಿಸಿಕೊಂಡು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದಳು. "ನೀ ಓದಿಲ್ಲಲ್ಲವಾ" ಅಂದರೆ, "ಕೇಳಿದ್ದೂ ಓದಿದ್ದ ಅಲ್ಲೇನ್ರಿ?" ಎನ್ನುತ್ತಿದ್ದಳು.

ಆ ರಿಜಿಸ್ಟರಿನ ಮೊದಲ ಹಾಳೆಯಲ್ಲಿ ಎರಡೇ ಹೆಸರು, ಒಂದೊಂದರ ಹಿಂದೆಯೂ 'ನಡೆಸುವವರು' ಎಂದು. ಮೇಲೆ ನನ್ನದು. ಕೆಳಗೆ ಹುಸೇನಸಾಬರದು. ನಾನೇ ಬರೆದದ್ದು, ದಪ್ಪ ಅಕ್ಷರದಲ್ಲಿ, ಬಹಳ ಖುಷಿಯಿಂದ.

ಒಂದು ಮಧ್ಯಾಹ್ನ ಪೊಲೀಸ್ ಜವಾನನೊಬ್ಬ ಸಾಲಿ ಬಾಗಿಲಿಗೆ ಬಂದು ನಿಂತ. "ನಾಳಿ ಮುಂಜಾನಿ ಅಮೀನ ಸಾಹೇಬ್ರು ಠಾಣೇಕ್ಕ ಕರದಾರ. ಆ ಪುಸ್ತಕದಂಗಡಿ ರಿಜಿಸ್ಟರಿನ ವಿಚಾರ." ಇಷ್ಟೇ ಹೇಳಿ ಹೋದ.

ನನ್ನ ಕೈಯಲ್ಲಿದ್ದ ಸುಣ್ಣದ ಕಡ್ಡಿ ಮುರಿಯಿತು.

ನಾಲ್ಕು ಜನ ಕೂತು ಗಡಿಯಾಚೆಯ ಪೇಪರು ಓದಿದರೆ ಅದನ್ನೂ ಸಭೆ ಎನ್ನಬಹುದಾದ ಕಾಲ. ಸಭೆಗೆ ಇಜಾಜತ್, ಅಂದರೆ ಸರ್ಕಾರದ ಅನುಮತಿ, ಬೇಕು. ನಮ್ಮಲ್ಲಿ ಇರಲಿಲ್ಲ. ಅದರಲ್ಲೂ ನಾನು ಸರ್ಕಾರಿ ನೌಕರ. ಹೆಂಡತಿ ಬಸುರಿ. ನೌಕರಿ ಹೋದರೆ? ಒಳಗೆ ಹಾಕಿದರೆ? ಹೊಡೆದರೆ? ಹೊಡೆತಕ್ಕೆ ನಾನು ಇನ್ನೊಬ್ಬರ ಹೆಸರು ಹೇಳಿಬಿಟ್ಟರೆ? ಪಾಠ ನಿಲ್ಲಿಸಿ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಹೊರಟೆ. ಕಾಲು ನಡೆಯುತ್ತಿದ್ದವೋ ಓಡುತ್ತಿದ್ದವೋ ನೆನಪಿಲ್ಲ.

ಹುಸೇನಸಾಬರು ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ಯಾರೂ ಇಲ್ಲ. ರಿಜಿಸ್ಟರು ತೆಗೆದೆ. ಅವರದೇ ಕಟ್ಟಿಗೆಯ ಅಳತೆಪಟ್ಟಿ ಇಟ್ಟು, ಮೇಲಿನ ಸಾಲು ಮಾತ್ರ ನೀಟಾಗಿ ಹರಿದೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ಕಾಗದ ಬಾಯಿಗೆ ಹೋಯಿತು.

"ಏನ್ ತಿನ್ನಾಕ ಹತ್ತೀರಿ ಮಾಸ್ತರ?" ಕಾಶವ್ವ.

"ಅಡಿಕಿ."

"ಬೆವತೀರಲ್ರಿ."

ಇನ್ನು ಹೇಗೆ ಮಾತಾಡಲಿ? ಬಾಯಿ ತುಂಬ ನಾನೇ ಇದ್ದೆ.

ಮರುದಿನ ಠಾಣೆ. ಠಾಣೆಯ ಮುಖ್ಯಸ್ಥರಾದ ಅಮೀನರ ಮೇಜಿನ ಮೇಲೆ ರಿಜಿಸ್ಟರು. ಪಕ್ಕದಲ್ಲಿ ಹುಸೇನಸಾಬರು ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದರು. ರಿಜಿಸ್ಟರು ಹಿಡಿದುಕೊಂಡು ಬಾ ಎಂದು ಅವರನ್ನೂ ಕರೆಸಿದ್ದರು. ಅಮೀನರು ನನಗೆ ಕುರ್ಚಿ ತೋರಿಸಿದರು. ಕುರ್ಚಿ! ನನಗೆ ಅರ್ಥವಾಗಲಿಲ್ಲ.

"ಮಾಸ್ತರ್, ನಮಗೆ ಕನ್ನಡ ಮಾತು ತಿಳಿತೈತಿ, ಓದಾಕ ಬರೂದಿಲ್ಲ. ಇದರಾಗ ಏನೈತಿ, ನೀವು ಓದ್ರಿ."

ಅಷ್ಟೇ! ನನ್ನನ್ನು ಕರೆದದ್ದು ಓದುವುದಕ್ಕೆ. ನನ್ನ ಮೇಲೆ ಯಾರಿಗೂ ಸಂಶಯವೇ ಇರಲಿಲ್ಲ. ನನ್ನ ಹೆಸರು ಅಲ್ಲೇ ಇದ್ದಿದ್ದರೂ ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ನಾಲಿಗೆ ನನ್ನದೇ. ಬೇಕಾದದ್ದು ಓದಬಹುದಿತ್ತು, ಬೇಡವಾದದ್ದು ಬಿಡಬಹುದಿತ್ತು. ನಡೆಸುವವರು ಯಾರೂ ಇಲ್ಲ ಎಂದಿದ್ದರೂ ಆಗುತ್ತಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ಏನಾಯಿತು ಗೊತ್ತೇ? ಅಮೀನರ ಬೆತ್ತ ಮೇಜಿನ ಮೇಲೆ ಒಂದು ಇಂಚು ಅಲುಗಾಡಿತು. ನಾನು ತರಗತಿಯಲ್ಲಿ ಹಾಜರಿ ಕರೆಯುವಷ್ಟು ಸ್ಪಷ್ಟವಾಗಿ ಓದಿದೆ:

"ನಡೆಸುವವರು, ಹುಸೇನಸಾಬ."

"ಮತ್ತ?"

"ಇಷ್ಟ ಐತ್ರಿ."

ಹುಸೇನಸಾಬರು ಹಾಳೆಯತ್ತ ನೋಡಿದರು. ಅಳತೆಪಟ್ಟಿ ಇಟ್ಟು ಹರಿದ ಅಂಚು ದರ್ಜಿಗೆ ಗೊತ್ತಾಗುವುದಿಲ್ಲವೇ? ಆಮೇಲೆ ನನ್ನನ್ನು ನೋಡಿದರು. ಅಮೀನರೂ ಅವರೂ ಮನೆಮಾತಿನಲ್ಲೇ ಮಾತಾಡಬಹುದಿತ್ತು. ಉರ್ದುವಿನಲ್ಲಿ ಒಂದು ಮಾತು ಹೇಳಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಕನ್ನಡದಲ್ಲೇ ಹೇಳಿದರು, ನನಗೆ ಸರಿಯಾಗಿ ಕೇಳಲೆಂದು:

"ಹೌದ್ರಿ ಸಾಹೇಬ್ರ. ನಾ ಒಬ್ಬನ ನಡಸ್ತೀನಿ."

ನಾಲ್ಕು ದಿನ ಅವರನ್ನು ಒಳಗಿಟ್ಟರು. ಕಾಶವ್ವ ಭಜಿ ಬುಟ್ಟಿ ತಂದು ಠಾಣೆಯ ಎದುರಿಗೇ ಕೂತಳು. "ನನ್ನ ಹೆಬ್ಬೆಟ್ಟೂ ಅದರಾಗ ಐತಿ. ನನ್ನೂ ಒಳಗ ಹಾಕ್ರಿ" ಎಂದು ಜವಾನರಿಗೆ ಗಂಟು ಬಿದ್ದಳಂತೆ. ಗಾಣದವರು ಬಂದರು, ಬಡಿಗೇರ ಬಂದ. ನಮ್ಮ ಹೆಸರೂ ಐತಿ ಎಂದು ಒಬ್ಬೊಬ್ಬರೇ ಹೇಳಿ ನಿಂತರಂತೆ. 'ಅಂತೆ' ಯಾಕೆಂದರೆ ನಾನು ಅಲ್ಲಿರಲಿಲ್ಲ. ಸಾಲಿಯಲ್ಲಿದ್ದೆ. ಬೂಟಿನ ಸಪ್ಪಳ ಕೇಳಿದರೆ ಸಾಕು, ಮಕ್ಕಳಿಂದ ಇನ್ನೂ ಜೋರಾಗಿ ಮಗ್ಗಿ ಹೇಳಿಸುತ್ತಿದ್ದೆ.

ಐದನೆಯ ದಿನ ಬಿಟ್ಟರು. ಗಡಿಯಾಚೆಯ ಪೇಪರು ಬಂದ್ ಎಂದರು. ಪೊಲೀಸರ ವರ್ದಿ ಹೊಲಿಯುವ ಕೆಲಸ ಹುಸೇನಸಾಬರ ಕೈತಪ್ಪಿತು. ಪುಸ್ತಕ ಮಾತ್ರ ಉಳಿದವು. ನಾನು ಎರಡು ದಿನ ತಡೆದು ಅಂಗಡಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಮಶೀನು ನಿಲ್ಲಿಸಿ, ರಿಜಿಸ್ಟರು ನನ್ನ ಮುಂದಿಟ್ಟರು.

"ಮ್ಯಾಲಿನ ಸಾಲು ಇಲಿ ಕಡದೈತ್ರಿ ಮಾಸ್ತರ. ಮತ್ತ ಬರೀತೀರೇನು?"

ಬರೆಯಲಿಲ್ಲ. ಕೈ ಬರಲಿಲ್ಲ. ಅವರು ಒತ್ತಾಯ ಮಾಡಲಿಲ್ಲ, ಚಹಾ ತರಿಸಿದರು. ಮುಂದಿನ ವರ್ಷ ನನಗೆ ಬೇರೆ ಊರಿಗೆ ಬದಲಿಯಾಯಿತು. ಕಾಶವ್ವನ ಮಗ ಒಂದು ಕೈ ಕಳೆದುಕೊಂಡು ತಿರುಗಿ ಬಂದನೆಂದು ಆಮೇಲೆ ಕೇಳಿದೆ. ಬಂದನಲ್ಲ, ಸಾಕು.

ಓದುವ ಕೋಣೆ ಲಡಾಯಿ ಮುಗಿಯುವವರೆಗೂ ಆ ಅಂಗಡಿಯಲ್ಲೇ ನಡೆಯಿತು. ನಡೆಸಿದವರು ಯಾರು ಅಂತ ಈಗ ನಿಮಗೆ ಗೊತ್ತಾಯಿತು.

ಅವರನ್ನೇ ಕೇಳೋಣ ಎನ್ನುತ್ತೀರಾ? ಅವರಿಲ್ಲ. ನಿಜಾಮರ ಆಳ್ವಿಕೆ ಬಿದ್ದ ದಿನಗಳಲ್ಲಿ ಊರೂರಿಗೆ ಗಲಾಟೆ ಹಬ್ಬಿತಲ್ಲ, ಆಗ ಅವರ ಓಣಿಯ ಮನೆಗಳಿಗೂ ಜನ ಕಲ್ಲು ಹಿಡಿದು ಹೋದರಂತೆ. ಹುಸೇನಸಾಬರು ಕಪಾಟುಗಳ ಕೀಲಿಕೈಯನ್ನು ಕಾಶವ್ವನ ಕೈಗೆ ಕೊಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟರು. ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅವರ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತು ಓದಿದವರು ನಾವು ಎಷ್ಟೊಂದು ಜನ ಇದ್ದೆವು!

ಆ ದಿನ ಅವರ ಬಾಗಿಲಿಗೆ ಅಡ್ಡ ನಿಂತವರು ನಮ್ಮಲ್ಲಿ ಎಷ್ಟು ಜನ?