ಬಿಟ್ಟುಹೋದ ಬಂಡೆಗಳು

ನನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ ಎಂದು ಒಂದು ವಾರ ಲ್ಯಾಬಿನಲ್ಲಿ ಎಲ್ಲರೊಡನೆ ಜಗಳವಾಡಿದೆ. ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ದೆಹಲಿಯಲ್ಲಿ ನಾನು ಪಿಎಚ್‌.ಡಿ. ಮಾಡುತ್ತಿದ್ದೆ. ಚಂದ್ರನನ್ನು ಸುತ್ತುವ ನೌಕೆ ತೆಗೆದ ಫೋಟೊಗಳಲ್ಲಿ ಬಂಡೆಗಳನ್ನು ತಾನಾಗಿಯೇ ಹುಡುಕುವ ಪ್ರೋಗ್ರಾಮು ನನ್ನದು. ಮೇಲಿನಿಂದ ನೋಡಿದರೆ ಬಂಡೆ ಎಂದರೆ ಒಂದು ಬಿಳಿ ಚುಕ್ಕೆ, ಅದರ ಬೆನ್ನಿಗೆ ಒಂದು ಕಪ್ಪು ನೆರಳು, ಅಷ್ಟೆ. ಮನುಷ್ಯರು ಗುರುತು ಹಾಕಿಕೊಟ್ಟ ಫೋಟೊಗಳನ್ನು ನೋಡಿ ಪ್ರೋಗ್ರಾಮು ಕಲಿಯಬೇಕು. ನನ್ನದು ದೊಡ್ಡ ಬಂಡೆಗಳನ್ನು ಹಿಡಿದು, ಮಸುಕಾದವನ್ನು ಕಂಡೂ ಕಾಣದಂತೆ ಬಿಡುತ್ತಿತ್ತು. ಇದನ್ನು ನಂಬಿ ಯಾರೂ ಲ್ಯಾಂಡರ್ ಇಳಿಸುವುದಿಲ್ಲ, ಸೋಮವಾರದೊಳಗೆ ಸರಿಯಾಗದಿದ್ದರೆ ಬೇರೆ ವಿಷಯ ಹುಡುಕಿಕೊಳ್ಳಿ ಎಂದರು ಗೈಡ್. ಮೂರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು. ನಿಜಕ್ಕೂ ಹೆದರಿದೆ.

ಗುರುತು ಹಾಕಿಕೊಟ್ಟವಳು ನನ್ನ ಚಿಕ್ಕಮ್ಮನ ಮಗಳು. ಮುಖರ್ಜಿ ನಗರದ ಪಿ.ಜಿ.ಯಲ್ಲಿದ್ದುಕೊಂಡು ಮೂರನೇ ಸಲ ಐಎಎಸ್‌ಗೆ ಓದುತ್ತಿದ್ದಳು. ತಪ್ಪು ಗುರುತುಗಳಲ್ಲೇ ಇರಬೇಕೆಂದು ಮೆಟ್ರೊ ಹಿಡಿದು ಹೋಗಿ, ಅವಳು ಕೆಲಸ ಮಾಡುವುದನ್ನೇ ಪಕ್ಕದಲ್ಲಿ ಕೂತು ನೋಡಿದೆ. ಒಂದು ಮಸುಕು ಚುಕ್ಕೆಯ ಮೇಲೆ ಅವಳ ಮೌಸ್ ನಿಂತಿತು, ತಡವರಿಸಿತು, ಮುಂದೆ ಹೋಯಿತು.

"ಯಾಕೇ ಬಿಟ್ಟೆ ಅದನ್ನ?"

"ಡೌಟ್ ಇತ್ತಕ್ಕಾ. ತಪ್ಪಾದ್ರೆ ಮೈನಸ್ ಅಲ್ವಾ?"

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗೆ ವರ್ಷಗಟ್ಟಲೆ ಪಳಗಿದ ಕೈ ಅದು. ಅನುಮಾನವಿದ್ದರೆ ಬಿಟ್ಟುಬಿಡು ಎಂಬುದು ರಕ್ತಗತವಾಗಿತ್ತು. ನನ್ನ ಪ್ರೋಗ್ರಾಮು ಅದನ್ನೇ ಚಾಚೂ ತಪ್ಪದೆ ಕಲಿತಿತ್ತು. ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಇಲ್ಲದ ಬಂಡೆಗೆ ಗುರುತು ಹಾಕಿದ್ರೆ ಲ್ಯಾಂಡರ್ ಸ್ವಲ್ಪ ಪಕ್ಕಕ್ಕೆ ಇಳಿಯತ್ತೆ, ಅಷ್ಟೇ. ಇರೋದನ್ನ ಬಿಟ್ರೆ ಕಾಲು ಮುರ್ಕೊಳ್ಳತ್ತೆ. ಇಲ್ಲಿ ಬಿಟ್ಟಿದ್ದಕ್ಕೇ ಮೈನಸ್ಸು ಕಣೇ!"

"ಅಚ್ಛಾ! ಅದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

ಹೇಳಿರಲಿಲ್ಲ. ಫೈಲು ಕಳಿಸಿ ಕೈತೊಳೆದುಕೊಂಡವಳು ನಾನೇ. ಅನುಮಾನ ಬಂದರೆ ಏನು ಮಾಡಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ನನಗೆ ಅನುಮಾನ ಬಂದದ್ದೇ ಕಡಿಮೆ.

ಎರಡು ದಿನ ಇಬ್ಬರೂ ಕೂತು, ಬಿಟ್ಟ ಚುಕ್ಕೆಗಳಿಗೆಲ್ಲ ಹಳದಿ ಗುರುತು ಹಾಕಿದೆವು. ಹಳದಿ ಎಂದರೆ ಡೌಟು. ಪ್ರೋಗ್ರಾಮಿಗೆ ಮತ್ತೆ ಮೊದಲಿನಿಂದ ಪಾಠವಾಯಿತು.

ಸೋಮವಾರ ಗೈಡ್ ಪರದೆಯ ಮೇಲೆ ಪ್ರೋಗ್ರಾಮು ತಾನೇ ಗುರುತಿಸಿದ ಒಂದು ಹಳದಿ ಚುಕ್ಕೆಗೆ ಬೆರಳಿಟ್ಟು, ಇದು ಬಂಡೆಯೇನು ಎಂದು ಕೇಳಿದರು. ಒಂದು ವಾರದ ಹಿಂದೆ ಕೇಳಿದ್ದರೆ ಹೌದೆಂದೇ ವಾದಿಸುತ್ತಿದ್ದೆ.

"ಗೊತ್ತಿಲ್ಲ ಸರ್," ಎಂದೆ, ತಲೆಯೆತ್ತಿಕೊಂಡೇ. "ಅದಕ್ಕೇ ಗುರುತು ಹಾಕಿದೆ."

ಅವರು ಬೇರೆ ವಿಷಯದ ಮಾತೆತ್ತಲಿಲ್ಲ. ಮುಂದಿನ ಫೋಟೊ ತೋರಿಸಿ ಎಂದರು.