ಬಾಗಿಲ ಮೇಲಿನ ಸೀಮೆಸುಣ್ಣ

ಶಿವಕಾಂತಮ್ಮನ ಎದೆಯಲ್ಲಿ ಕೂತ ಚಿಂತೆ ಒಂದೇ: ತಾನೇ ಎಲ್ಲಾದರೂ ಹೇಳಿಬಿಟ್ಟರೆ?

ಒಲೆ ಆರಿಸಿದ ಮೇಲೂ ಮೂರು ಸಲ ಎದ್ದು ನೋಡಿ ಬರುವ ಜೀವ ಅವಳದು. ಗುಲಬರ್ಗಾದಲ್ಲಿ ಮೆಟ್ರಿಕ್ ಓದುವಾಗಲೂ ಹಾಗೆಯೇ. ವರ್ಗದಲ್ಲಿ ಯಾರೋ ಶಾಯಿ ಚೆಲ್ಲಿದ್ದರೆ, ಟೀಚರು ಇವಳ ಮುಖ ನೋಡಿದರೆ ಸಾಕಿತ್ತು. ಇವಳು ಬಾಯಿ ಬಿಡುತ್ತಿರಲಿಲ್ಲ, ಕಣ್ಣು ಮಾತ್ರ ಚೆಲ್ಲಿದವಳ ಕಡೆ ತಿರುಗಿಬಿಡುತ್ತಿತ್ತು. ಗೆಳತಿಯರು ಅವಳ ಎದುರು ಗುಟ್ಟು ಆಡುವುದನ್ನೇ ಬಿಟ್ಟಿದ್ದರು.

ಈಗ ಅವಳ ಹತ್ತಿರ ಇದ್ದದ್ದು ಗಂಡನ ಗುಟ್ಟು. ೧೯೭೪ರ ಮೇ ತಿಂಗಳು, ದೇಶದ ತುಂಬ ರೈಲ್ವೆ ಮುಷ್ಕರ. ಅಂಬರಾಯ ದಂಡೋತಿಯ ಹೊಳೆದಂಡೆಯ ಮನೆತನದವನು, ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮುಷ್ಕರದ ಹಿಂದಿನ ದಿನ ಏಳು ತಿಂಗಳ ಕೂಸಿನ ತಲೆ ನೇವರಿಸಿ ಹೋದವನು ಶಹಾಬಾದಿನ ಮಡಿವಾಳಯ್ಯನ ಕಲ್ಲಿನ ಕಾರ್ಖಾನೆಯಲ್ಲಿ ಅಡಗಿದ್ದ.

"ಅವರ ಆಫೀಸಿನಾಗ ಫೋನದ," ಎಂದು ನಂಬರ್ ಹೇಳಿ ಹೋಗಿದ್ದ. "ಜೀವಕ್ಕ ಬಂದ್ರ ಅಷ್ಟೇ ಮಾಡು. ಪೋಸ್ಟ್ ಆಫೀಸಿನಾಗ ನಂಬರ್ ಬರಕೋತಾರ. ಬರಕೊಂಡ್ರ ನಾ ಇರೋ ಜಾಗ ಬಟ್ಟು ಮಾಡಿ ತೋರಿಸಿದಂಗ."

ಮೂರನೆಯ ದಿನ ಕ್ವಾರ್ಟರ್ಸಿನ ನಲ್ಲಿ ನಿಂತಿತು. ನಾಲ್ಕನೆಯ ದಿನ ದೀಪ ಹೋಯಿತು. ಐದನೆಯ ದಿನ ಪೇದೆಗಳು ಬಂದು, ಕೆಲಸಕ್ಕೆ ಹೋಗದವರ ಬಾಗಿಲಿಗೆಲ್ಲ ಸೀಮೆಸುಣ್ಣದಿಂದ ಕತ್ತರಿ ಗೀಟು ಎಳೆದರು. ಆ ಮನೆ ಖಾಲಿ ಮಾಡಿಸುತ್ತಾರೆಂಬ ಗುರುತು ಅದು. ಸಂಜೆಗೊಮ್ಮೆ ಜೀಪು ಓಣಿಗೆ ಬಂದು, ಯಾರ ನೌಕರಿ ಹೋಯಿತು, ಯಾರು ಜೈಲಿಗೆ ಹೋದರು ಎಂದು ಲೌಡ್‌ಸ್ಪೀಕರಿನಲ್ಲಿ ಹೆಸರು ಹಿಡಿದು ಕೂಗುತ್ತಿತ್ತು. ವಾಡಿಯ ಆ ಓಣಿಯಲ್ಲಿ ಯಾರಿಗೂ ಒಂದು ಏಟು ಬೀಳಲಿಲ್ಲ. ಬೀಳುವ ಅಗತ್ಯವೇ ಇರಲಿಲ್ಲ. ಬಾವಿಗೆ ಹೋಗುವ ಹೆಂಗಸರು ಮಾತು ನಿಲ್ಲಿಸಿ ಒಬ್ಬರ ಬಾಗಿಲನ್ನು ಇನ್ನೊಬ್ಬರು ನೋಡತೊಡಗಿದ್ದರು. ಗೀಟು ಅಳಿಸಿದೆಯೆಂದರೆ ಆ ಮನೆಯವನು ಕೆಲಸಕ್ಕೆ ಮರಳಿದ ಎಂದರ್ಥ.

ಒಂಬತ್ತನೆಯ ದಿನ ಬೆಳಿಗ್ಗೆ ಪಕ್ಕದ ಆಶಾಬಿಯ ಬಾಗಿಲು ತೊಳೆದ ತಟ್ಟೆಯಂತಿತ್ತು.

ಬಾಣಂತನದಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದವಳು ಆಶಾಬಿ. ಅವಳ ಗಂಡ ಮಜೀದಸಾಬ ಅಂಬರಾಯನ ಡಬ್ಬಿಯಲ್ಲೇ ರೊಟ್ಟಿ ಮುರಿದು ತಿಂದವನು. ಶಿವಕಾಂತಮ್ಮ ಕೂಸನ್ನು ಎತ್ತಿಕೊಂಡು ಆ ಬೋಳು ಬಾಗಿಲನ್ನು ನೋಡುತ್ತ ನಿಂತಿದ್ದಾಗಲೇ ಠಾಣೆಯ ಫೌಜದಾರ ಬಂದ. ಕೂಗಾಡಲಿಲ್ಲ. ಹೊಸ್ತಿಲಾಚೆಯೇ ನಿಂತು ಕೂಸಿಗೆ ಚಿಟಿಕೆ ಹೊಡೆದ.

"ಮೈ ಬಿಸಿ ಆದಂಗ ಕಾಣ್ತದಲ್ಲ ತಂಗಿ. ನೀರು ಎಲ್ಲಿಂದ ತರ್ತಿ?"

"ಬಾವಿಯಿಂದ್ರಿ."

"ಕಾಸಿ ಕುಡಸು, ಓದಿದಾಕಿ ಇದ್ದಿ. ನಾಳಿ ಮುಂಜಾನಿ ಲಾರಿ ಬರ್ತದ, ಸಾಮಾನು ಹೊರಗ ಹಾಕ್ತಾರ. ಈ ಬಿಸಲಾಗ ಕೂಸು ತಗೊಂಡು ಯಾವ ಗಿಡದ ಕೆಳಗ ಕುಂದರ್ತಿ?"

ಅವಳು ಕೂಸಿನ ತಲೆಗೆ ಸೆರಗು ಹೊದಿಸಿದಳು.

"ನೀ ಏನೂ ಹೇಳಬ್ಯಾಡ. ಆಶಾಬಿ ಎಲ್ಲಾ ಹೇಳ್ಯಾಳ. ಶಹಾಬಾದಿನಾಗ ಅದಾನಲ್ಲ?"

ಬಾಯಿ ಮುಚ್ಚಿಯೇ ಇತ್ತು. ತಲೆ ಕೆಳಗೆ ಹೋಗಿ ಮೇಲೆ ಬಂತು.

"ಶಹಾಬಾದಿನಾಗ ಎಲ್ಲಿ?"

ಕೂಸು ಅತ್ತಿತು. ಅವಳು ಒಳಗೆ ಓಡಿ ಅಗಳಿ ಹಾಕಿಕೊಂಡಳು. ಹೊರಗಿನಿಂದ ಅವನ ಧ್ವನಿ ಕೇಳಿತು: "ಇರ್ಲಿ ಬಿಡು. ಊರು ಸಿಕ್ತು. ಮಧ್ಯಾಹ್ನ ಜೀಪು ಕಳಸ್ತೀನಿ, ಓಣಿ ಓಣಿ ಹುಡುಕಿದ್ರ ಸಂಜಿಮಟ ಸಿಗ್ತಾನ."

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು, ಆಶಾಬಿಯ ದನಿ.

"ಶಿವಕಾಂತಾ, ಬಾಗಲಾ ತಗಿ. ಕೂಸಿಗಿ ನೀರು ತಂದೀನಿ."

"ನೀವೇ ಕುಡೀರಿ ಆಪಾ. ನಿಮ್ಮನಿ ನಲ್ಲಿ ಬಂದದಲ್ಲ. ನನ್ನ ಗಂಡನ್ನ ಮಾರಿ ತಂದ ನೀರು ನಮಗ ಬ್ಯಾಡ."

"ಏನಂದಿ?" ಕೊಡ ಕೆಳಗಿಟ್ಟ ಸದ್ದಾಯಿತು. "ನಿನ್ನೆ ಫೌಜದಾರ ನಮ್ಮ ಸಾಬರಿಗಿ ಏನಂದ ಗೊತ್ತದೇನು? ಅಂಬರಾಯ ಕೆಲಸಕ್ಕ ಬರ್ತೀನಂತ ಮೊನ್ನೇನೇ ಸಹಿ ಮಾಡ್ಯಾನ, ರಾಯಚೂರ ಕಡಿ ಡ್ಯೂಟಿ ಹಾಕೀವಿ, ನೀ ಒಬ್ಬನೇ ಯಾಕ ಸಾಯ್ತಿ, ಅಂದ. ಅದು ಕೇಳಿ ಇವರು ಕುಸದು ಕುಂತ್ರು, ಎದ್ದು ಡ್ಯೂಟಿಗಿ ಹೋದ್ರು. ನಿನ್ನ ಗಂಡ ಎಲ್ಲದಾನಂತ ನನಗೇನು ಗೊತ್ತು? ಒಂದಿನ ಆದ್ರೂ ನನಗ ಹೇಳಿದೇನು?"

ಹೇಳಿರಲಿಲ್ಲ. ಆಶಾಬಿಗೂ ಹೇಳಬಾರದೆಂದು ಒಂಬತ್ತು ದಿನ ಅವಳ ಕಣ್ಣು ತಪ್ಪಿಸಿಯೇ ಓಡಾಡಿದ್ದಳು. ಗೊತ್ತಿಲ್ಲದ್ದನ್ನು ಆಶಾಬಿ ಹೇಳುವುದು ಹೇಗೆ? ಪಕ್ಕದ ಊರಿನ ಹೆಸರನ್ನು ಅವನು ಬರೀ ಅಂದಾಜಿಗೆ ಎಸೆದಿದ್ದ. ಅಷ್ಟು ಸಣ್ಣ ಮಾತು ಫೌಜದಾರನ ಎದುರು ಹೊಳೆದಿರಲಿಲ್ಲ.

ಆಶಾಬಿ ಬಾಗಿಲಿಗೆ ಹಣೆ ಹಚ್ಚಿಯೇ ಮಾತಾಡುತ್ತಿದ್ದಳು. "ಪೊಲೀಸ್ ಆ್ಯಕ್ಷನ್ ಆದಾಗ ನನಗ ಎಂಟು ವರ್ಷ. ಮದಲಿದ್ದ ನಿಜಾಮನ ಸರ್ಕಾರ ನಮ್ಮ ಹೆಸರು ಹೇಳಿ ನಿಮ್ಮವರಿಗಿ ಅಂಜಿಸ್ತು. ಆಮ್ಯಾಲ ಬಂದಾವರು ನಿಮ್ಮ ಹೆಸರು ಹೇಳಿ ನಮಗ ಅಂಜಿಸಿದ್ರು. ಅವರಿಗಿ ಬಂದೂಕ ಯಾಕ ಬೇಕವ್ವಾ, ನೆರಮನಿ ಬಾಗಲಾ ಮುಚ್ಚಿದ್ರ ಸಾಕು."

ಶಿವಕಾಂತಮ್ಮ ಅಗಳಿ ತೆಗೆದಳು.

"ಆಪಾ, ಹೇಳಿದಾಕಿ ನಾನು. ತಲಿ ಹಾಕಿದೆ. ಮಧ್ಯಾಹ್ನ ಜೀಪು ಹೋಗ್ತದ."

ಆಶಾಬಿ ಅವಳನ್ನು ನೋಡಿದಳು. ಬೈಯುತ್ತಾಳೆಂದು ಇವಳು ಕಾದಳು.

"ಕೂಸು ಇಲ್ಲಿ ಕೊಡು," ಎಂದಳು ಆಶಾಬಿ. "ನೀರು ಕಾಸೇ ಕುಡಸ್ತೀನಿ, ಹೆದರಬ್ಯಾಡ. ನೀ ನಡಿ."

ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಪೇದೆಯೊಬ್ಬ ಕೂತಿದ್ದ. ಪೋಸ್ಟ್‌ಮಾಸ್ತರ ತಮ್ಮಣ್ಣ ಇವಳು ಚೀಟಿಯ ಮೇಲೆ ಬರೆದ ನಂಬರನ್ನು ನೋಡಿ, ಪೇದೆಯನ್ನು ನೋಡಿ, ದನಿ ತಗ್ಗಿಸಿದ.

"ಇವತ್ತು ಬ್ಯಾಡವ್ವಾ. ಯಾರು ಯಾರಿಗಿ ಮಾತಾಡಿದ್ರಂತ ಸಂಜಿಗಿ ಈ ಚೀಟಿ ಠಾಣಿಗಿ ಹೋಗ್ತದ."

"ಸಂಜಿಗಿ ಅಲ್ರಿ? ಹೋಗ್ಲಿ. ಈಗ ಹಚ್ಚಿಕೊಡ್ರಿ."

ಲೈನು ಸಿಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು. ಕೊನೆಗೆ ಅತ್ತ ಕಡೆಯಿಂದ ಅಂಜಿದ ದನಿಯೊಂದು, "ಯಾರ್ರಿ? ನಾ ಮಡಿವಾಳಯ್ಯ," ಎಂದಿತು.

"ಅಂಬರಾಯರಿಗಿ ಕೊಡ್ರಿ."

"ಅಂಥಾವರು ಯಾರೂ ಇಲ್ರಿ ಇಲ್ಲಿ. ಆ ಹೆಸರೇ ಕೇಳಿಲ್ಲ ನಾವು."

ಬೆಂಚಿನ ಮೇಲಿನ ಪೇದೆ ಎದ್ದು ನಿಂತ. ಶಿವಕಾಂತಮ್ಮ ಅವನ ಮುಖಕ್ಕೆ ಬೆನ್ನು ಹಾಕಿದಳು. ಆ ಮುಖ ನೋಡಿದರೆ ತನ್ನ ಕಣ್ಣು ಏನು ಮಾಡೀತೆಂದು ಅವಳಿಗೆ ಗೊತ್ತಿತ್ತು.

"ಇಲ್ಲದಾವಗೇ ಹೇಳ್ರಿ ಯಪ್ಪಾ," ಎಂದಳು, ಇಡೀ ಪೋಸ್ಟ್ ಆಫೀಸಿಗೆ ಕೇಳುವಂತೆ. "ಊರು ಹೇಳಿದಾಕಿ ಅವನ ಹೆಂಡ್ತಿ, ಮತ್ತ್ಯಾರೂ ಅಲ್ಲ. ಜೀಪು ಬರ್ಲಿಕತ್ತದ. ಈಗಿಂದೀಗ ಎದ್ದು ಹೋಗು ಅನ್ರಿ. ಎಲ್ಲಿಗಿ ಹೋಗ್ತಾನಂತ ಮಾತ್ರ ನನಗ ಹೇಳಬ್ಯಾಡ ಅನ್ರಿ."